ಕಿವಿಗೆ ಹಿಡಿದ ಎಲಾಸ್ಟಿಕ್

ಅಂಗಡಿಯ ಅಟ್ಟದ ಹಲಗೆ ಮುರಿದದ್ದು ಒಂದು ಸೋಮವಾರ ಬೆಳಿಗ್ಗೆ. ಬಾಗಿಲಿಗೆ ನೀರು ಹಾಕಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ನಾನು ಎಂದಿನಂತೆ ಇವತ್ತು ಏನೇನು ಕೆಟ್ಟದ್ದಾಗಬಹುದು ಎಂದು ಯೋಚಿಸುತ್ತ ಕೂತಿದ್ದೆ. ಕರೆಂಟ್ ಹೋಗಬಹುದು. ಶಟರು ಅರ್ಧಕ್ಕೆ ಸಿಕ್ಕಿಕೊಳ್ಳಬಹುದು. ಎದುರಿನ ಹೋಟೆಲಿನ ಸಿಲಿಂಡರು ಸಿಡಿಯಬಹುದು. ನನ್ನ ತಲೆಯ ಮೇಲಿರುವ ಅಟ್ಟ ಮಾತ್ರ ಆ ಪಟ್ಟಿಯಲ್ಲಿರಲಿಲ್ಲ. ಲಟಕ್ಕೆಂದಿತು. ಮರುಗಳಿಗೆಗೆ ನನ್ನ ಮಡಿಲಲ್ಲಿ, ಹೆಗಲ ಮೇಲೆ, ಗಲ್ಲಾಪೆಟ್ಟಿಗೆಯ ಮೇಲೆ ಎಲ್ಲೆಲ್ಲೂ ಹೆಂಗಸರ ಹಳೆಯ ಬಾಡಿಗಳು. ಒಂದು ಹೋಗಿ ದೇವರ ಪಟದ ಮೊಳೆಗೆ ಜೋತುಬಿದ್ದಿತ್ತು. ಅದನ್ನು ಮೊದಲು ತೆಗೆದೆ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಹೆಂಗಸರ ಒಳಉಡುಪು ಬಿಟ್ಟು ಬೇರೇನೂ ಇಲ್ಲ. ಬಾಡಿ, ಚಡ್ಡಿ, ಒಳಲಂಗ, ನೈಟಿಯ ಒಳಗೆ ಹಾಕುವ ಸ್ಲಿಪ್ಪು. ಬರುವವರು ಮಗ್ಗದ ಮನೆಯವರು, ರೇಷ್ಮೆಗೂಡಿನ ಮಾರುಕಟ್ಟೆಗೆ ಗಂಡನ ಜೊತೆ ಬಂದವರು, ಹನೂರು ಕಡೆಯ ಬಸ್ಸಿಗೆ ಕಾಯುವವರು. ಒಳಗೆ ಬಂದು ಮೊದಲು ಹಿಂದಕ್ಕೆ ತಿರುಗಿ ಓಣಿಯಲ್ಲಿ ಯಾರಿದ್ದಾರೆ ಎಂದು ನೋಡುತ್ತಾರೆ. ಆಮೇಲೆ ದನಿ ಇಳಿಸಿ, "ಅದು ಕೊಡಿ ಅಕ್ಕಾ" ಅನ್ನುತ್ತಾರೆ. ಅಳತೆ ಹೇಳುವುದಿಲ್ಲ. ನಾನು ಕೇಳುವುದೂ ಇಲ್ಲ. ಸೆರಗಿನ ಮೇಲಿಂದಲೇ ಒಮ್ಮೆ ನೋಡಿ, ಮೂವತ್ತೆರಡೋ ಮೂವತ್ತನಾಲ್ಕೋ ಮೂವತ್ತಾರೋ ತೆಗೆದು, ಹಳೆಯ ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ. ಅವರು ಬಿಚ್ಚಿ ನೋಡದೆ ಕೈಚೀಲದ ತಳಕ್ಕೆ, ಸೊಪ್ಪಿನ ಕೆಳಗೆ ತುರುಕಿಕೊಂಡು ಹೋಗುತ್ತಾರೆ. ಇಪ್ಪತ್ತು ವರ್ಷದಿಂದ ಹೀಗೇ. ನನ್ನ ಕಣ್ಣೇ ಟೇಪು ಎಂದು ನನಗೆ ಸಾಕಷ್ಟು ಜಂಬವಿತ್ತು. ಒಬ್ಬರೂ ಬಂದು ಸರಿಯಿಲ್ಲ ಎಂದಿರಲಿಲ್ಲವಲ್ಲ!

ಗಲ್ಲಾದ ಹಿಂದಿನ ಗೋಡೆಯಲ್ಲಿ ದಪ್ಪ ಅಕ್ಷರದ ಬೋರ್ಡಿತ್ತು: ಒಳಉಡುಪುಗಳನ್ನು ವಾಪಸ್ ಪಡೆಯುವುದಿಲ್ಲ, ಬದಲಾಯಿಸಿ ಕೊಡುವುದಿಲ್ಲ. ಅದನ್ನು ಬರೆಸಿದವಳೂ ನಾನೇ. ಬರುವವರು ಏನೂ ಹೇಳದಿರುವುದಕ್ಕೂ ಆ ಬೋರ್ಡಿಗೂ ಸಂಬಂಧವಿರಬಹುದು ಎಂದು, ಸಿಲಿಂಡರಿನ ಬಗ್ಗೆ ಅಷ್ಟು ಯೋಚಿಸುವ ನನ್ನ ತಲೆಗೆ ಹೊಳೆದಿರಲಿಲ್ಲ.

ಅಟ್ಟ ಬಿದ್ದ ಮೇಲೆ ವಿಂಗಡಿಸದೆ ಬೇರೆ ದಾರಿಯಿರಲಿಲ್ಲ. ಶಟರನ್ನು ಮುಕ್ಕಾಲು ಎಳೆದು, ನಾನೂ ನನ್ನ ಸಹಾಯಕಿಯೂ ನೆಲದ ಮೇಲೆ ಚಾಪೆ ಹಾಸಿ ಕೂತೆವು. ಅವಳು ಮಧುವನಹಳ್ಳಿಯವಳು. ಎರಡು ಮಕ್ಕಳ ತಾಯಿ, ಒಂಬತ್ತು ವರ್ಷದಿಂದ ನನ್ನ ಜೊತೆಗಿದ್ದಾಳೆ. ನನಗಿಂತ ಕಡಿಮೆ ಮಾತು, ನನಗಿಂತ ಹೆಚ್ಚು ಬುದ್ಧಿ. ಮೂರು ಗುಡ್ಡೆ ಮಾಡುವುದೆಂದು ತೀರ್ಮಾನಿಸಿದೆವು: ಮಾರುವಂಥದ್ದು, ಎಸೆಯುವಂಥದ್ದು, ನೋಡೋಣ ಎನ್ನುವಂಥದ್ದು.

ಪರೀಕ್ಷೆಯ ಕ್ರಮ ಅವಳದ್ದೇ. ಮೊದಲು ಹುಕ್ಕು. ಬಿಳಿ ಬಟ್ಟೆಯ ಮೇಲೆ ಉಜ್ಜಿದರೆ ಕಂದು ಗೆರೆ ಮೂಡಬಾರದು. ಮೂಡಿದರೆ ಒಳಗೆ ತುಕ್ಕು ಹಿಡಿದಿದೆ, ಬೆವರು ತಾಗಿದರೆ ಬೆನ್ನಿನ ಮೇಲೂ ಅದೇ ಗೆರೆ. ಆಮೇಲೆ ಕಪ್. ಹೆಬ್ಬೆರಳಿನಿಂದ ಒತ್ತಿದರೆ ಒಳಗಿನ ಸ್ಪಂಜು ತಿರುಗಿ ಎದ್ದು ನಿಲ್ಲಬೇಕು. ಹಳೆಯದಾದರೆ ರವೆಯ ಹಾಗೆ ಉದುರುತ್ತದೆ. ಕೊನೆಗೆ ಎಲಾಸ್ಟಿಕ್. ಇದಕ್ಕೆ ಕಣ್ಣು ಸಾಲದು, ಕಿವಿ ಬೇಕು. ಕೆಳಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ತಂದು ನಿಧಾನ ಎಳೆಯಬೇಕು. ಜೀವ ಇರುವ ಎಲಾಸ್ಟಿಕ್ ಸುಮ್ಮನಿರುತ್ತದೆ. ಸತ್ತದ್ದು ಚಿಟಿಚಿಟಿ ಎನ್ನುತ್ತದೆ. ಬಟ್ಟೆ ಹೊಸದರಂತೆ ಕಾಣುತ್ತಿರುತ್ತದೆ, ಒಳಗಿನ ರಬ್ಬರು ಒಂದೊಂದೇ ಎಳೆಯಾಗಿ ತುಂಡಾಗುತ್ತಿರುತ್ತದೆ. ಒಂದು ಸಲ ಒಗೆದರೆ ಪಟ್ಟಿ ಸಡಿಲವಾಗಿ ದಾರದ ಹಾಗೆ ಜೋಲುತ್ತದೆ.

ಸಂಜೆಯ ಹೊತ್ತಿಗೆ ಮಾರುವ ಗುಡ್ಡೆ ಮೊಣಕಾಲೆತ್ತರ, ಎಸೆಯುವ ಗುಡ್ಡೆ ಅಂಗೈಯಗಲ, ನೋಡೋಣ ಗುಡ್ಡೆ ನನ್ನ ಸೊಂಟದವರೆಗೆ. ಎಸೆಯಬೇಕಾದ್ದನ್ನೆಲ್ಲ ಅವಳು ಅತ್ತ ಹಾಕಿದರೆ ನಾನು ಇತ್ತ ಎಳೆದುಕೊಳ್ಳುತ್ತಿದ್ದೆ.

"ಅಕ್ಕಾ, ಇದು ಚಿಟಿಚಿಟಿ ಅಂತದೆ."

"ಸ್ವಲ್ಪ ಅಲ್ವೇನೇ?"

"ಸ್ವಲ್ಪ ಸತ್ತೋಗದು ಅಂತ ಅದಾ ಅಕ್ಕ?"

"ಡಬ್ಬಿ ನೋಡು, ಇನ್ನೂ ಹೆಂಗೆ ಮಿರಮಿರ ಅಂತಿದೆ."

"ಡಬ್ಬಿ ಆಕೊಂಡ್ ಓಡಾಡ್ತಾರಾ?"

ನಾನು ನಕ್ಕೆ. ಆದರೆ ಡಬ್ಬಿಯನ್ನು ಬಿಡಲಿಲ್ಲ. ಎಸೆಯುವುದೆಂದರೆ, ಇಷ್ಟು ವರ್ಷ ನಾನು ಯಾರ ಮೈಗೂ ಆಗದ ಅಳತೆಗಳನ್ನು ತರಿಸಿ ಕೂಡಿಟ್ಟೆನೆಂದು ಒಪ್ಪಿಕೊಂಡಂತೆ. ಆ ಗುಡ್ಡೆಯಲ್ಲಿ ಮೂವತ್ತನಾಲ್ಕರದ್ದೇ ರಾಶಿ. ಕಂಪನಿಯವನು ಅದೇ ಹೆಚ್ಚು ಓಡುವುದು ಎಂದಿದ್ದ, ನಾನು ಅದನ್ನೇ ತರಿಸಿದ್ದೆ, ತರಿಸಿದ್ದೇನಲ್ಲ ಎಂದು ಎಲ್ಲರಿಗೂ ಅದನ್ನೇ ಕೊಟ್ಟಿದ್ದೆ.

ಎರಡು ದಿನ ಬಿಟ್ಟು ಆ ಗುಡ್ಡೆಯನ್ನು ಎರಡು ಚೀಲಕ್ಕೆ ತುಂಬಿಕೊಂಡು ಯಳಂದೂರಿನ ಬಸ್ಸು ಹತ್ತಿದೆ. ಅಲ್ಲಿ ನಮ್ಮದೇ ವ್ಯಾಪಾರದ ಹಿರಿಯರೊಬ್ಬರಿದ್ದಾರೆ. ಅಂಗಡಿ ಹಾಕಿದ ಹೊಸದರಲ್ಲಿ ನನಗೆ ಹುಕ್ಕಿನ ಲೆಕ್ಕ, ಬಟ್ಟೆಯ ಲೆಕ್ಕ ಹೇಳಿಕೊಟ್ಟವರು. ಅವರು ತೆಗೆದುಕೊಂಡರೆ ಅದಕ್ಕಿನ್ನೂ ಜೀವವಿದೆ ಎಂದು ನನ್ನ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಅವರು ಚೀಲದಿಂದ ಒಂದನ್ನು ತೆಗೆದು, ಕನ್ನಡಕ ಕೂಡ ಹಾಕಿಕೊಳ್ಳದೆ, ಸೀದಾ ಕಿವಿಗೆ ಹಿಡಿದು ಎಳೆದರು. ಇನ್ನೊಂದು. ಮತ್ತೊಂದು. ಆಮೇಲೆ ಒಂದನ್ನು ನನ್ನ ಕಿವಿಗೇ ಹಿಡಿದರು.

"ಕೇಳುಸ್ತಾ ಅದಾ?"

"ಹೂಂ ಅಣ್ಣ."

"ಸತ್ತೋಗದೆ ಕಣವ್ವ. ಊರ್ ಸುತ್ತುಸ್ಬೇಡ, ಮಣ್ ಮಾಡು."

ಕಾಫಿ ತರಿಸಿಕೊಟ್ಟರು. ಕುಡಿದು, ಚೀಲ ಹೊತ್ತುಕೊಂಡು ವಾಪಸ್ ಬಂದೆ. ಇದನ್ನು ಇಲ್ಲಿ ಬಿಡಿಸಿ ಬರೆಯುತ್ತಿರುವುದು ಯಾಕೆಂದರೆ, ಆಮೇಲೆ ನನಗೆ ಗೊತ್ತಿರಲಿಲ್ಲ ಎಂದು ಹೇಳಲು ಯಾವ ದಾರಿಯೂ ಇರಲಿಲ್ಲ. ಗೊತ್ತಿತ್ತು. ನನ್ನ ಬಲಗಿವಿಯಲ್ಲೇ ಗೊತ್ತಾಗಿತ್ತು.

ಬಸ್ಸಿನಲ್ಲಿ ಬರುವಾಗ ನನ್ನ ತಲೆಗೆ ದಾನದ ಯೋಚನೆ ಬಂತು. ಎಸೆಯಲಾಗದ, ಮಾರಲಾಗದ ವಸ್ತುವಿಗೆ ನಮ್ಮಂಥವರು ಕಂಡುಕೊಂಡಿರುವ ಮೂರನೆಯ ಜಾಗ ಅದು. ಹನೂರು ರಸ್ತೆಯ ಒಂದು ಹಳ್ಳಿಗೆ ನನ್ನ ಸಹಾಯಕಿಯ ಅಕ್ಕನನ್ನು ಕೊಟ್ಟಿದೆ. ಅವಳು ಅಲ್ಲಿನ ಹೆಂಗಸರ ಸಂಘ ನಡೆಸುತ್ತಾಳೆ. ಸಂಘದವರು ಹೆಚ್ಚಿನವರು ಕೂಲಿ ಮಾಡುವವರು. ಹಂಗಾಮಿನಲ್ಲಿ ಕುಂತೂರು ಕಡೆಗೆ ಕಬ್ಬು ಕಡಿಯಲು ಹೋಗುತ್ತಾರೆ. ದಿನವಿಡೀ ಬಗ್ಗಿ ಏಳುವ, ಜಲ್ಲೆಯ ಹೊರೆ ಹೊತ್ತು ಟ್ರ್ಯಾಕ್ಟರಿಗೆ ಎತ್ತುವ ಕೆಲಸ. ಅವರಿಗೆ ಕೊಡೋಣ ಎಂದೆ.

ಸಹಾಯಕಿ ಕೈಯಲ್ಲಿದ್ದ ಪೊರಕೆ ನಿಲ್ಲಿಸಿದಳು. "ಇದ್ನಾ ಅಕ್ಕಾ?"

"ಏನೂ ಇಲ್ಲದ್ದಕ್ಕಿಂತ ವಾಸಿ ಅಲ್ವೇನೇ?"

ಅವಳು ನನ್ನನ್ನು ನೋಡಿದಳು. ಮತ್ತೆ ಗುಡಿಸತೊಡಗಿದಳು. ಒಂಬತ್ತು ವರ್ಷ ನನ್ನ ಅಂಗಡಿಯಲ್ಲಿ ದುಡಿದವಳು, ನಾನು ಹೀಗೆಂದ ಮೇಲೆ ಇನ್ನೇನು ಹೇಳಿಯಾಳು ಎಂದು ಆಗ ನಾನು ಯೋಚಿಸಲಿಲ್ಲ. ಒಪ್ಪಿಕೊಂಡಳು ಎಂದುಕೊಂಡೆ. ಸುಮ್ಮನಿದ್ದವರೆಲ್ಲ ಒಪ್ಪಿದ್ದಾರೆ ಎಂದುಕೊಳ್ಳುವುದು ನನ್ನ ವ್ಯಾಪಾರದ ಪದ್ಧತಿಯೇ ಆಗಿತ್ತಲ್ಲ.

ಒಂದು ಭಾನುವಾರ ಇಬ್ಬರೂ ಹೋದೆವು. ಸಂಘದ ಮನೆಯ ಜಗುಲಿಯಲ್ಲಿ ಇಪ್ಪತ್ತು ಮಂದಿ ಹೆಂಗಸರು ಕೂತಿದ್ದರು. ನನಗೆ ಕುರ್ಚಿ ಹಾಕಿ, ಎಳನೀರು ಕೊಟ್ಟರು. ಒಬ್ಬೊಬ್ಬರಿಗೆ ಎರಡೆರಡು ಡಬ್ಬಿ. ಹಾಗೆ ಕೊಡುವಾಗಲೂ ನನ್ನ ಕಣ್ಣಿನ ಟೇಪು ಕೆಲಸ ಮಾಡುತ್ತಿತ್ತು. ನೀನು ಮೂವತ್ತನಾಲ್ಕು, ನೀನು ಮೂವತ್ತಾರು. ಯಾರೋ ಫೋಟೊ ತೆಗೆದರು. ನಾನು ಡಬ್ಬಿ ನೀಡುತ್ತಿರುವುದು, ಎದುರಿನವಳು ನಾಚಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು. ಸಹಾಯಕಿ ಫೋಟೊದಲ್ಲಿಲ್ಲ. ಬಾ ಎಂದು ಕರೆದಾಗ ಅವಳು ನೀರು ಕುಡಿಯಲು ಒಳಗೆ ಹೋಗಿದ್ದಳು. ಆ ಫೋಟೊವನ್ನು ನಾನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಕೈಮುಗಿದ ಗೊಂಬೆಗಳು ಬಹಳ ಬಂದವು.

ಮೂರು ವಾರ ಕಳೆಯಿತು. ಅಟ್ಟಕ್ಕೆ ಹೊಸ ಹಲಗೆ ಬಂತು. ಅಂಗಡಿ ಹಗುರಾಗಿ ಕಾಣುತ್ತಿತ್ತು. ಒಂದು ಮಧ್ಯಾಹ್ನ ಸಹಾಯಕಿಯ ಅಕ್ಕ ಬಂದಳು. ಕೈಯಲ್ಲಿ ದೊಡ್ಡ ಬಟ್ಟೆಯ ಚೀಲ. ಹಿಂದಕ್ಕೆ ತಿರುಗಿ ಓಣಿ ನೋಡಲಿಲ್ಲ. ಸೀದಾ ಬಂದು ಗಲ್ಲಾದ ಮುಂದೆ ನಿಂತಳು.

"ಚೆನ್ನಾಗಿದ್ದೀರಾ ಅಕ್ಕೋರೆ?"

"ಬಾರಮ್ಮ, ಕೂತ್ಕೊ. ಏನು ಬಿಸಿಲಲ್ಲಿ?"

"ಇದ ಕೊಟ್ಟೋಗವ ಅಂತ ಬಂದೆ." ಚೀಲವನ್ನು ಗಲ್ಲಾದ ಮೇಲೆ ಮಡಗಿದಳು. ಒಳಗೆ ನಾನು ಕೊಟ್ಟ ಬಾಡಿಗಳು. ಎಲ್ಲವನ್ನೂ ಒಗೆದಿದ್ದರು. ಒಗೆದು, ಒಣಗಿಸಿ, ಮಡಿಸಿದ್ದರು. ಡಬ್ಬಿಗಳನ್ನೂ ಜೋಡಿಸಿ ದಾರ ಕಟ್ಟಿದ್ದರು.

"ಒಂದೊಗೆತುಕ್ಕೆ ಎಲ್ಲಾ ಅರಳ್ಕಂಡ್ಬುಟ್ಟೊ ಅಕ್ಕೋರೆ. ಕಬ್ಬಿನ್ ಒರೆ ಎತ್ತೋವಾಗ ಪಟ್ಟಿ ಜಾರೋದು, ಎತ್ಕಳದು, ಜಾರೋದು, ಎತ್ಕಳದು. ಒಬ್ಬಳ್ಗೆ ಉಕ್ಕು ಚುಚ್ಕಂಡು ಬೆನ್ನು ಕೀವಾಗಿತ್ತು. ಈಗ ವಾಸಿಯಾಗದೆ ಬುಡಿ. ನಿಮ್ಗೆ ಗೊತ್ತಿಲ್ದಂಗೆ ಕೊಟ್ಟಿದ್ದೀರ. ಇನ್ಯಾರ್ಗಾರ ಕೊಟ್ಬುಟ್ಟೀರಿ ಅಂತ, ಯೋಳೋಗವ ಅಂತ ಬಂದೆ."

ಸಹಾಯಕಿ ಒಳಲಂಗಗಳ ಕಟ್ಟು ಬಿಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ಅಂಗಡಿ ಸಣ್ಣದು. ಮೂವರೂ ಒಬ್ಬರ ಉಸಿರು ಒಬ್ಬರಿಗೆ ಕೇಳುವಷ್ಟು ಹತ್ತಿರವಿದ್ದೆವು.

"ಅಯ್ಯೋ, ಹೌದಾ?" ಎಂದೆ ನಾನು. "ನಂಗೆ ಗೊತ್ತೇ ಆಗ್ಲಿಲ್ಲ ನೋಡಮ್ಮ."

ಒಂದೇ ಸಾಲು. ಅವಳು "ಅಂಗೇ ಅಂದ್ಕಂಡೊ" ಎಂದು, ತಂಗಿಯ ತಲೆ ಸವರಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಕಾಫಿ ಕೂಡ ಕುಡಿಯಲಿಲ್ಲ. ಆ ಮಧ್ಯಾಹ್ನ ಸಹಾಯಕಿ ನನ್ನ ಜೊತೆ ಮಾತಾಡಲಿಲ್ಲ. ಮುನಿಸೂ ಇರಲಿಲ್ಲ. ಗಿರಾಕಿ ಬಂದರೆ ಡಬ್ಬಿ ತೆಗೆದುಕೊಟ್ಟಳು, ಟೀ ಬಂದರೆ ಲೋಟ ಮುಂದಿಟ್ಟಳು. ಅವಳ ಮುಂದೆಯೇ, ಅವಳ ಅಕ್ಕನಿಗೇ ಸುಳ್ಳು ಹೇಳಿದ್ದೆ.

ಮಾರನೆಯ ದಿನವೂ ಹಾಗೇ. ಮೂರನೆಯ ದಿನ ನಾನೇ ಬಾಯಿ ಬಿಟ್ಟೆ.

"ನಿನ್ನ ಅಕ್ಕನಿಗೆ ಹೇಳಿದೆಯೇನೇ? ನಮಗೆ ಗೊತ್ತಿತ್ತು ಅಂತ?"

"ನಮ್ಗೆ ಅನ್ಬೇಡಿ ಅಕ್ಕ," ಎಂದಳು ಅವಳು, ಕೈಯಲ್ಲಿದ್ದ ಡಬ್ಬಿ ಕೆಳಗಿಡದೆ. "ನಾನು ಯೋಳಿದ್ದೆ. ನಿಮ್ಗೆ."

ಆಮೇಲೆ ನಾನು ಮಾಡಿದ ಮೊದಲ ಕೆಲಸ ಕತ್ತರಿ ಹುಡುಕಿದ್ದು. ವಾಪಸ್ ಬಂದ ಚೀಲವನ್ನು ಸುರಿದುಕೊಂಡೆ. ಗೋಡೆಯ ಬೀರುವಿನಲ್ಲಿ ಇನ್ನೂ ಉಳಿದಿದ್ದ ನನ್ನ ನೋಡೋಣಗಳನ್ನೂ ತೆಗೆದೆ. ಒಂದೊಂದನ್ನೂ ನಡುವೆ ಕತ್ತರಿಸಿದೆ. ಇಡಿಯಾಗಿ ಎಸೆದರೆ ನಾಳೆ ನಾನೇ ಹೋಗಿ ಎತ್ತಿಕೊಂಡು ಬಂದೇನೆಂಬ ಭಯ. ನನ್ನನ್ನು ನಾನು ಚೆನ್ನಾಗಿ ಬಲ್ಲೆ. ಸಹಾಯಕಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದುರು ಕೂತು ಹುಕ್ಕುಗಳನ್ನು ಬೇರೆ ಡಬ್ಬಿಗೆ ಕಿತ್ತು ಹಾಕತೊಡಗಿದಳು, ಪೌರಕಾರ್ಮಿಕರ ಕೈಗೆ ಚುಚ್ಚದಿರಲಿ ಎಂದು. ಆ ಯೋಚನೆಯೂ ಅವಳಿಗೇ ಬಂದದ್ದು.

ಎರಡನೆಯ ಕೆಲಸ ಕಂಪನಿಯವನಿಗೆ ಫೋನು. ಮೂವತ್ತನಾಲ್ಕು ಬೇಡ, ಇಪ್ಪತ್ತೆಂಟರಿಂದ ನಲವತ್ತನಾಲ್ಕರವರೆಗೆ ಎಲ್ಲ ಅಳತೆ, ಎಲ್ಲ ಕಪ್ ನಾಲ್ಕು ನಾಲ್ಕು ಕಳಿಸಿ ಎಂದೆ. "ಮೇಡಂ, ನಿಮ್ಮ ಕಡೆ ಅದೆಲ್ಲ ಓಡಲ್ಲ" ಎಂದ. ಅವು ಓಡದಿರುವುದು ಹೆಂಗಸರಿಂದಲ್ಲ, ನನ್ನಿಂದ ಎಂದು ಹೇಳಲು ಬಾಯಿ ಬರಲಿಲ್ಲ. ಕಳಿಸಪ್ಪ ಎಂದೆ. ಸ್ಪಂಜಿನದು ಕಡಿಮೆ, ಬರೀ ಹತ್ತಿಯದು, ಅಗಲ ಪಟ್ಟಿಯದು, ಮೂರು ಹುಕ್ಕಿನದು. ಹೊರೆ ಹೊರುವವರಿಗೆ ಅದು. ಟೇಪು ತಂದೆ. ಡಬ್ಬಿಯ ಹಿಂದೆ ಅಚ್ಚಾಗಿರುವ ಅಳತೆಯ ಪಟ್ಟಿಯನ್ನು ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಓದಿದೆ. ಎದೆಯ ಕೆಳಗೆ, ಪಕ್ಕೆಯ ಮೇಲೆ ಒಂದು ಸುತ್ತು. ಟೇಪು ಬೆನ್ನಿನಲ್ಲಿ ಮೇಲೆ ಕೆಳಗೆ ಆಗಬಾರದು, ಒಳಗೆ ಎರಡು ಬೆರಳು ಹೋಗಬೇಕು. ಎದೆಯ ಮೇಲೆ ಇನ್ನೊಂದು ಸುತ್ತು, ಬಿಗಿಯದೆ. ಎರಡರ ನಡುವಿನ ಅಂತರಕ್ಕೆ ಎ, ಬಿ, ಸಿ ಎಂದು ಕಪ್. ಇಷ್ಟೇ. ಮೂರನೇ ಕ್ಲಾಸಿನ ಕಳೆಯುವ ಲೆಕ್ಕ.

ಮಾಲು ಬರಲು ಹತ್ತು ದಿನವಾಯಿತು. ಆ ಹತ್ತು ದಿನವೂ ನಾನು ಒಂದನ್ನೇ ಚಿಂತಿಸುತ್ತಿದ್ದೆ: ಹೋಗಿ ಹೊಸದು ಕೊಟ್ಟು ಬಂದುಬಿಡಬಹುದು. ಹಳೆಯದು ಗೊತ್ತಾಗದೆ ಆದ ತಪ್ಪೆಂದು ಅವರೇ ತೀರ್ಮಾನ ಮಾಡಿಯಾಗಿದೆ. ಇನ್ನೊಮ್ಮೆ ಎಳನೀರು ಕುಡಿದು, ಇನ್ನೂ ದೊಡ್ಡ ಮನುಷ್ಯಳಾಗಿ ಬರಬಹುದು. ಸಹಾಯಕಿ ಏನೂ ಹೇಳುವುದಿಲ್ಲ. ಇದೇ ನನ್ನ ಕುತ್ತಿಗೆಗೆ ಬಂದದ್ದು. ಏನೂ ಹೇಳದವಳ ಜೊತೆ ಇನ್ನು ಹತ್ತು ವರ್ಷ ಹೇಗೆ ಅಂಗಡಿ ನಡೆಸುವುದು?

ಭಾನುವಾರ ಬೆಳಿಗ್ಗೆ ಹನೂರು ಬಸ್ಸು ಹತ್ತಿದೆ. ಸಹಾಯಕಿ ಮಧುವನಹಳ್ಳಿಯಲ್ಲಿ ಹತ್ತಿ ನನ್ನ ಪಕ್ಕ ಕೂತಳು. ಚೀಲವೊಂದನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಸಂಘದ ಮನೆಯ ಒಳಕೋಣೆಯಲ್ಲಿ ಬಾಗಿಲು ಹಾಕಿಕೊಂಡೆವು. ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಈ ಸಲ ಕುರ್ಚಿ ಬೇಡವೆಂದೆ. ಅಳತೆ ತೆಗೆದು ಕೊಡುತ್ತೇನೆ ಎಂದೆ. ಒಬ್ಬಳು ಇನ್ನೊಬ್ಬಳನ್ನು ತಳ್ಳಿದಳು. ಆ ಇನ್ನೊಬ್ಬಳು ಅವಳ ತೊಡೆ ಚಿವುಟಿದಳು.

"ನೀ ಓಗು."

"ಥೂ, ನಾನ್ಯಾಕ್ ಓಗ್ಲಿ, ನೀ ಓಗು. ನಿಂದೇ ದೊಡ್ದು."

"ಮದ್ವೇಲಿ ರವಿಕೆ ಒಲಿಯೋನ್ ಮುಂದೆ ನಿಂತಿದ್ದಲ್ಲ, ಆಗ್ ನಾಚ್ಕೆ ಬರ್ನಿಲ್ವ?"

ಯಾರೂ ಏಳಲಿಲ್ಲ. ಸಹಾಯಕಿ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಅಕ್ಕಾ, ನೀವ್ ಮೊದ್ಲು ನಿಂತ್ಕಳಿ" ಎಂದಳು.

ಈ ಚಿಂತೆ ಮಾತ್ರ ನನಗೆ ಮುಂಚೆ ಬಂದಿರಲಿಲ್ಲ. ಸೆರಗು ತೆಗೆದು ನಿಂತೆ. ನಾನು ಹಾಕಿಕೊಂಡಿದ್ದದ್ದೂ ನನ್ನ ಅಂಗಡಿಯದೇ, ಮೂವತ್ತನಾಲ್ಕು. ರವಿಕೆಯ ಹೆಗಲು ಸರಿದಾಗ, ಪಟ್ಟಿ ಜಾರದಿರಲೆಂದು ನಾನು ಹಾಕಿದ್ದ ಪಿನ್ನು ಎಲ್ಲರಿಗೂ ಕಂಡಿತು. ಪಟ್ಟಿ ಕೂತ ಕಡೆ ಹೆಗಲ ಮೇಲೆ ಗುಂಡಿ ಬಿದ್ದಿತ್ತು. ಅವಳು ಸುತ್ತು ಹಾಕಿ, ಬೆರಳು ತೂರಿಸಿ ನೋಡಿ, ಇನ್ನೊಂದು ಸುತ್ತು ಹಾಕಿ, ಡಬ್ಬಿಯ ಹಿಂದಿನ ಅಳತೆಯ ಪಟ್ಟಿ ನೋಡಿ ಗಟ್ಟಿಯಾಗಿ ಹೇಳಿದಳು: "ಮೂವತ್ತೆಂಟು. ಸಿ."

"ಅಯ್ಯೋ ಸಿವ್ನೆ," ಎಂದಳು ಮೂಲೆಯಿಂದ ಒಬ್ಬಳು, "ಅಂಗ್ಡಿ ಮಡಿಕಂಡೋರ್ಗೇ ಸರಿಯಾದ್ದು ಸಿಕ್ಕಿಲ್ವಲ್ಲ!"

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಈಗ ಎದ್ದು ಬರುತ್ತಾರೆ ಎಂದು ಗೊತ್ತಾಯಿತು. ಹೇಳದೆ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದೂ ಗೊತ್ತಾಯಿತು.

"ಒಂದು ಮಾತು," ಎಂದೆ. ಸೆರಗು ಹೊದ್ದುಕೊಂಡೆ. "ಹೋದ ಸಲ ಕೊಟ್ಟಿದ್ದು ಹಾಳಾಗಿದೆ ಅಂತ ನನಗೆ ಗೊತ್ತಿತ್ತು. ಕಿವಿಗೆ ಹಿಡಿದು ನೋಡಿದ್ದೆ. ಇವಳು ಆಗಲೇ ಹೇಳಿದ್ದಳು. ನಾನೇ ಕೇಳಲಿಲ್ಲ. ಆಮೇಲೆ ಗೊತ್ತಿರಲಿಲ್ಲ ಅಂತ ಸುಳ್ಳೂ ಹೇಳಿದೆ."

ಸಹಾಯಕಿಯ ಅಕ್ಕನ ಮುಖ ನೋಡಿದೆ. ಅಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅವಳು ಚಾಪೆಯ ಅಂಚಿನ ಕಡ್ಡಿಯೊಂದನ್ನು ಮುರಿಯುತ್ತ ಕೂತಿದ್ದಳು.

ಆಮೇಲೆ ಗೋಡೆಯ ಪಕ್ಕದಲ್ಲಿದ್ದ ಒಬ್ಬಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು, ಕೇಳಿದಳು. ಬೆನ್ನಿಗೆ ಹುಕ್ಕು ಚುಚ್ಚಿ ಕೀವಾಗಿದ್ದು ಅವಳಿಗೇ ಎಂದು ಆಮೇಲೆ ತಿಳಿಯಿತು.

"ಪ್ಯಾಟೆಯೋರ್ಗಾದ್ರೆ ಕೊಡ್ತಿದ್ರಾ ಅಕ್ಕೋರೆ?"

ಇಲ್ಲಿ ಹೇಳಬಹುದಾದ ಮಾತುಗಳು ನನಗೆ ಬೇಕಾದಷ್ಟು ಹೊಳೆದವು. ನನ್ನ ತಲೆ ಅದರಲ್ಲಿ ಚುರುಕು.

"ಇಲ್ಲ," ಎಂದೆ.

"ನಾವು ಕೂಲಿಯೋರು ಅಂತ ಕೊಟ್ರಿ."

"ಹೂಂ."

ಅವಳು ನನ್ನನ್ನು ನೋಡುತ್ತಲೇ ಇದ್ದಳು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಸಹಾಯಕಿ ನನ್ನ ಹತ್ತಿರ ಬಂದು ಟೇಪನ್ನು ನನ್ನ ಕೈಗೆ ಕೊಟ್ಟಳು. ಆ ಹೆಂಗಸು ನೆಲಕ್ಕೆ ಕೈಯೂರಿ ಎದ್ದಳು. ಸೆರಗನ್ನು ತೆಗೆದು ಪಕ್ಕದವಳ ಹೆಗಲಿಗೆ ಹಾಕಿದಳು. ನನ್ನ ಎದುರು ಬಂದು, ಬೆನ್ನು ತಿರುಗಿಸಿ, ಎರಡೂ ತೋಳುಗಳನ್ನು ಎತ್ತಿ ನಿಂತಳು. ಬೆನ್ನಿನ ನಡುವೆ, ಮೇಲೆ ಸರಿದ ರವಿಕೆಯ ಅಂಚಿನ ಕೆಳಗೆ, ಹೊಸ ಚರ್ಮ ಬಂದು ಮಿರುಗುವ ಸಣ್ಣ ಕಲೆಯಿತ್ತು.

"ಅಳೀರಿ," ಎಂದಳು. "ಈ ಸರ್ತಿ ಸರ್ಯಾಗ್ ಅಳೀರಿ."

ಮೊದಲ ಸುತ್ತು ಓರೆಯಾಯಿತು. ಬಿಚ್ಚಿ, ಇನ್ನೊಮ್ಮೆ ಹಾಕಿದೆ.